ಐದು ಸಾವಿರದ ರೂಮು, ಊರಿಗೆ ಉಳಿದದ್ದೆಷ್ಟು?

ಚಿಕ್ಕಮಗಳೂರಿನ ಕಡೆ ಒಂದು ರೆಸಾರ್ಟ್. ಒಂದು ರಾತ್ರಿಗೆ 5,000 ರೂಪಾಯಿ ಬಾಡಿಗೆ ಅಂತ ಇಟ್ಟುಕೊಳ್ಳಿ. ಬೆಂಗಳೂರಿನವರು ಮೊಬೈಲಿನಲ್ಲೇ ಬುಕ್ ಮಾಡಿ ಬಂದರು, ಉಳಿದರು, ಹೋದರು. ಆ 5,000 ಎಲ್ಲಿಗೆ ಹೋಯಿತು? ಜವಾಬ್ದಾರಿಯುತ ಪ್ರವಾಸೋದ್ಯಮದಲ್ಲಿ, ಅಂದರೆ ಊರಿಗೂ ಊರಿನವರಿಗೂ ಒಳ್ಳೆಯದಾಗುವ ಹಾಗೆ ಪ್ರವಾಸೋದ್ಯಮ ನಡೆಸುವ ವಿಷಯದಲ್ಲಿ, ಸ್ನಾತಕೋತ್ತರ ಪದವಿ ಓದುತ್ತಿರುವವರು ನನ್ನ ಹತ್ತಿರ ಕೆಲಸ ಕಲಿಯಲು ಬಂದರೆ ಮೊದಲು ಕೊಡುವುದು ಈ ಲೆಕ್ಕವನ್ನೇ.

ಬುಕಿಂಗ್ ಆ್ಯಪ್ ಶೇ. 20 ಕಮಿಷನ್ ತೆಗೆದುಕೊಂಡರೆ ಸಾವಿರ ರೂಪಾಯಿ ಊರಿಗೆ ಬರುವ ಮೊದಲೇ ಹೋಯಿತು. ಕೋಳಿ, ಪನೀರು, ತರಕಾರಿ ಎಲ್ಲ ಪೇಟೆಯ ಹೋಲ್‌ಸೇಲ್ ಅಂಗಡಿಯಿಂದ. ಬೆಡ್‌ಶೀಟು, ಸೋಪು ಇನ್ನೂ ದೂರದಿಂದ. ಬ್ಯಾಂಕಿಗೆ ಬಡ್ಡಿ. ಮ್ಯಾನೇಜರು, ಅಡುಗೆಯವರು ಹೊರಗಿನವರು, ಅವರ ಸಂಬಳ ಅವರವರ ಊರಿಗೆ. ಮಾಲೀಕರು ಇರುವುದು ಬೆಂಗಳೂರಿನಲ್ಲಿ, ಲಾಭ ಅಲ್ಲಿಗೆ. ಆ ಹಳ್ಳಿಯಲ್ಲಿ ಉಳಿದದ್ದು ರೂಮು ಗುಡಿಸುವ ಹೆಂಗಸರ ಕೂಲಿ, ತೋಟದ ಆಳುಗಳ ಕೂಲಿ, ಹಾಲಿನವರ ಬಿಲ್ಲು. ಹೊರಗೆ ಹರಿದುಹೋದ ಹಣಕ್ಕೆ ನಮ್ಮ ಓದಿನಲ್ಲಿ ಸೋರಿಕೆ ಅನ್ನುತ್ತಾರೆ. ಅದನ್ನು ಬಿಲ್ಲು ಬಿಲ್ಲಾಗಿ ಹಿಡಿದು ಅಳೆಯುವುದು ಹೇಗೆ ಅಂತ ಕಲಿಸದ ಕೋರ್ಸಿಗೆ ದುಡ್ಡು ಕಟ್ಟಬೇಡಿ ಅಂತಲೇ ನಾನು ಹೇಳುವುದು.

ಹೋಮ್‌ಸ್ಟೇ ಆದರೆ ಎಲ್ಲ ಹಣವೂ ಊರಿನಲ್ಲೇ ಉಳಿಯುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮನೆಯವರೇ ಇದ್ದು, ಅವರೇ ಅಡುಗೆ ಮಾಡಿ, ಪಕ್ಕದ ಮನೆಯಿಂದ ಮೊಟ್ಟೆ, ಹಾಲು ತರುತ್ತಿದ್ದರೆ ಅದು ಬಹುಪಾಲು ನಿಜ. ಆದರೆ ಮನೆಯವರು ಪೇಟೆ ಸೇರಿ, ಮನೆಯನ್ನು ಹೊರಗಿನವರಿಗೆ ಲೀಸಿಗೆ ಕೊಟ್ಟಿದ್ದರೆ? ಬೋರ್ಡು ಹೋಮ್‌ಸ್ಟೇಯದ್ದು, ಲೆಕ್ಕ ಮಾತ್ರ ರೆಸಾರ್ಟಿನದ್ದು. ಬೋರ್ಡು ಬಿಟ್ಟು ಬಿಲ್ಲು ನೋಡಿ ಅನ್ನುವುದು ಅದಕ್ಕೇ.

ಈ ಓದಿನ ಹಿನ್ನೆಲೆ ಸ್ವಲ್ಪ ಹೇಳಬೇಕು. 2002ರ ಆಗಸ್ಟಿನಲ್ಲಿ, ಜೊಹಾನ್ಸ್‌ಬರ್ಗ್‌ನ ಭೂ ಶೃಂಗಸಭೆಗೆ ಸ್ವಲ್ಪ ಮೊದಲು, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 20 ದೇಶಗಳ 280 ಪ್ರತಿನಿಧಿಗಳು ಸೇರಿ ಜವಾಬ್ದಾರಿಯುತ ಪ್ರವಾಸೋದ್ಯಮದ ಬಗ್ಗೆ ಒಂದು ಘೋಷಣೆ ಹೊರಡಿಸಿದರು. ಅದರ ತಿರುಳು ಸರಳ. ಊರು ಮೊದಲು ಅಲ್ಲಿ ಬಾಳುವವರಿಗೆ ಚೆನ್ನಾಗಿರಬೇಕು, ಆಗ ನೋಡಲು ಬರುವವರಿಗೂ ಚೆನ್ನಾಗಿರುತ್ತದೆ. ಆ ಕೂಟದ ಹಿಂದಿದ್ದ ಬ್ರಿಟನ್ನಿನ ಹೆರಾಲ್ಡ್ ಗುಡ್ವಿನ್ ಈ ವಿಷಯವನ್ನು ವಿಶ್ವವಿದ್ಯಾಲಯದ ಪದವಿಯ ಮಟ್ಟಕ್ಕೆ ತಂದವರಲ್ಲಿ ಮುಖ್ಯರು. ಮೊದಲು ಗ್ರೀನಿಚ್‌ನಲ್ಲಿ, ಆಮೇಲೆ ಲೀಡ್ಸ್‌ನಲ್ಲಿ ಇದರ ಎಂ.ಎಸ್ಸಿ. ನಡೆಯಿತು. ನಮ್ಮ ಬೆಂಗಳೂರಿನಲ್ಲೂ ಇಂಥ ಪ್ರಶ್ನೆ ಕೇಳುವವರು ಅದಕ್ಕಿಂತ ಮೊದಲೇ ಇದ್ದರು. 1985ರಲ್ಲಿ ಶುರುವಾದ ಇಕ್ವೇಷನ್ಸ್ ಸಂಸ್ಥೆ ಪ್ರವಾಸೋದ್ಯಮದಿಂದ ಸ್ಥಳೀಯರಿಗೆ ಆಗುವ ಲಾಭ ನಷ್ಟಗಳನ್ನೇ ಅಧ್ಯಯನ ಮಾಡಿಕೊಂಡು ಬಂದಿತು.

ಪಾಠಕ್ಕೆ ನಾನು ಪದೇ ಪದೇ ಎತ್ತಿಕೊಳ್ಳುವ ಊರು ಕೇರಳದ ಕುಮರಕಂ. ಕೊಟ್ಟಾಯಂ ಜಿಲ್ಲೆ, ವೆಂಬನಾಡ್ ಸರೋವರದ ದಡ. ದೊಡ್ಡ ದೊಡ್ಡ ರೆಸಾರ್ಟುಗಳು ಬಂದವು. ದಡ ಅವರ ಕಾಂಪೌಂಡಿನೊಳಗೆ ಸೇರಿತು. ಮೀನು ಹಿಡಿಯುವವರಿಗೆ, ಗದ್ದೆ ಮಾಡುವವರಿಗೆ ಸಿಕ್ಕಿದ್ದು ಕಡಿಮೆ. ಊರಿನವರ ಸಿಟ್ಟು ಬೀದಿಗೆ ಬಂದಿತ್ತು. ಕೇರಳ ಸರ್ಕಾರ ಜವಾಬ್ದಾರಿಯುತ ಪ್ರವಾಸೋದ್ಯಮದ ಪ್ರಯೋಗಕ್ಕೆ ಮೊದಲು ಆರಿಸಿಕೊಂಡ ನಾಲ್ಕು ಜಾಗಗಳಲ್ಲಿ ಕುಮರಕಂ ಒಂದು. ಉಳಿದವು ಕೋವಳಂ, ತೇಕ್ಕಡಿ ಮತ್ತು ವಯನಾಡ್. 2008ರಲ್ಲಿ ಇಲ್ಲಿ ನಿಜವಾದ ಕೆಲಸ ಶುರುವಾಯಿತು.

ಶುರುವಾದದ್ದು ತರಕಾರಿಯಿಂದ. ಹೋಟೆಲಿನವರು ಊರಿನಿಂದಲೇ ಕೊಳ್ಳಬೇಕು, ಕುಟುಂಬಶ್ರೀ ಅನ್ನುವ ಕೇರಳದ ಸ್ವಸಹಾಯ ಗುಂಪಿನ ಹೆಂಗಸರು ಬೆಳೆದು ಕೊಡಬೇಕು. ಕೇಳಲು ಎಷ್ಟು ಸುಲಭ, ಅಲ್ವಾ? ಹೋಟೆಲಿನ ಅಡುಗೆಮನೆಗೆ ಬೇಕಾದದ್ದು ದಿನಾ ಒಂದೇ ಗಾತ್ರದ, ಒಂದೇ ಗುಣಮಟ್ಟದ ತರಕಾರಿ, ಅದೂ ಬೆಳಗಿನ ಹೊತ್ತಿಗೆ. ಸಣ್ಣ ಹಿತ್ತಲಿನಲ್ಲಿ ಬೆಳೆಯುವವರಿಗೆ ಒಂದು ವಾರ ಬೆಳೆ ಜಾಸ್ತಿ, ಮುಂದಿನ ವಾರ ಏನೂ ಇಲ್ಲ. ದರ ಯಾರು ಹೇಳಬೇಕು? ಹಾಳಾದ ಮಾಲು ಯಾರ ಲೆಕ್ಕಕ್ಕೆ? ದುಡ್ಡು ಎಷ್ಟು ದಿನಕ್ಕೆ ಕೊಡಬೇಕು? ಇದಕ್ಕೆಲ್ಲ ಪಂಚಾಯತಿ, ಹೋಟೆಲಿನವರು, ಬೆಳೆಗಾರರು ಒಟ್ಟಿಗೆ ಕೂತು ದರ ಮತ್ತು ಗುಣಮಟ್ಟ ನೋಡುವ ಸಮಿತಿ ಮಾಡಿಕೊಂಡರು. ಪಾಳು ಬಿದ್ದಿದ್ದ ಗದ್ದೆಗಳಲ್ಲಿ ಮತ್ತೆ ಬೆಳೆ ಬಂತು. ಹಳ್ಳಿ ಬದುಕನ್ನು ತೋರಿಸುವ ಸಣ್ಣ ಪ್ರವಾಸಗಳು ಶುರುವಾದವು. ತೆಂಗಿನ ನಾರು ಹೊಸೆಯುವವರು, ಗರಿ ಹೆಣೆಯುವವರು ತಮ್ಮ ಕೆಲಸ ತೋರಿಸಿ ಅದಕ್ಕೂ ಹಣ ಪಡೆದರು. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಯುಲಿಸಿಸ್ ಪ್ರಶಸ್ತಿಯೂ ಬಂತು. 2017ರಲ್ಲಿ ಕೇರಳ ಇದಕ್ಕೆ ಅಂತಲೇ ಒಂದು ಮಿಷನ್ ಕಟ್ಟಿತು.

ವಿದ್ಯಾರ್ಥಿಗಳು ಪ್ರಶಸ್ತಿಯನ್ನು ನೆನಪಿಟ್ಟುಕೊಂಡು ಸಮಿತಿಯನ್ನು ಮರೆಯುತ್ತಾರೆ. ಕಲಿಯಬೇಕಾದದ್ದು ಆ ಸಮಿತಿಯನ್ನು. ಖರೀದಿ ಮ್ಯಾನೇಜರಿಗೂ ಸೊಪ್ಪು ಬೆಳೆಯುವ ಅಕ್ಕನಿಗೂ ನಡುವೆ ಒಂದು ನಂಬಿಕೆಯ ವ್ಯವಸ್ಥೆ ಕಟ್ಟುವುದು, ಅದು ಮುರಿದಾಗ ಮತ್ತೆ ಕೂಡಿಸುವುದು, ಇದೇ ಈ ಪದವಿ ಕಲಿಸಬೇಕಾದ ಕಸುಬು. ಸಕಲೇಶಪುರದಲ್ಲೋ ಯಲ್ಲಾಪುರದಲ್ಲೋ ಕೆಲಸಕ್ಕೆ ಬರುವುದೂ ಅದೇ.

ಇನ್ನೊಂದು ದೊಡ್ಡ ಭಾಗ, ಒಂದು ಜಾಗ ಎಷ್ಟು ಜನರನ್ನು ತಾಳುತ್ತದೆ ಅನ್ನುವುದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಹಾದಿಯಲ್ಲಿ ಜನರ ಸಾಲು ನಿಂತದ್ದನ್ನು ನೀವೂ ವಿಡಿಯೊಗಳಲ್ಲಿ ನೋಡಿರುತ್ತೀರಿ. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ತಂದಿತು, ಒಂದು ಹಾದಿಗೆ ದಿನಕ್ಕೆ 300 ಜನ ಅನ್ನುವ ಮಿತಿ ಬಂತು. ಒಳ್ಳೆಯ ಹೆಜ್ಜೆ. ಆದರೆ ತರಗತಿಯಲ್ಲಿ ನಾವು ಕೇಳುವ ಪ್ರಶ್ನೆಗಳು ಇಲ್ಲಿಂದಲೇ ಶುರು. 300 ಯಾಕೆ, 200 ಯಾಕಲ್ಲ?

ಲೆಕ್ಕ ಹಾಕುವ ಒಂದು ಹಳೆಯ ವಿಧಾನ ಇದೆ. ಮೊದಲು ಹಾದಿಯ ಉದ್ದ, ಒಂದು ಗುಂಪಿಗೂ ಇನ್ನೊಂದಕ್ಕೂ ಬೇಕಾದ ಅಂತರ, ಹತ್ತಿ ಇಳಿಯಲು ಬೇಕಾದ ಹೊತ್ತು ಇವನ್ನು ನೋಡಿ ಒಂದು ಸಂಖ್ಯೆ ಬರುತ್ತದೆ. ಆಮೇಲೆ ಮಳೆಯ ದಿನ, ಮಣ್ಣು ಕೊಚ್ಚಿಹೋಗುವ ಇಳಿಜಾರು, ಪ್ರಾಣಿಗಳು ಓಡಾಡುವ ಹೊತ್ತು ಅಂತ ಒಂದೊಂದಕ್ಕೂ ಕಡಿತ. ಕೊನೆಗೆ ಕೇಳಬೇಕಾದದ್ದು, ನೋಡಿಕೊಳ್ಳಲು ಎಷ್ಟು ಜನ ಇದ್ದಾರೆ? ಎಷ್ಟು ಗಾರ್ಡುಗಳು, ಎಷ್ಟು ಶೌಚಾಲಯ, ಕಸ ಕೆಳಗೆ ತರುವವರು ಯಾರು? ಈ ಕೊನೆಯ ಹಂತದಲ್ಲಿ ಸಂಖ್ಯೆ ದಡಕ್ಕನೆ ಕುಸಿಯುತ್ತದೆ. ಹಾದಿ ಇನ್ನೂರು ಜನರನ್ನು ತಾಳಬಹುದು, ಇರುವ ಶೌಚಾಲಯ ಮೂವತ್ತು ಜನರನ್ನೂ ತಾಳದೇ ಇರಬಹುದು. ಮುನ್ನೂರು ಜನ ದಿನವಿಡೀ ಹಂಚಿಕೊಂಡು ಬರುವುದಕ್ಕೂ, ಎಲ್ಲರೂ ಬೆಳಿಗ್ಗೆ ಆರಕ್ಕೆ ಗೇಟಿನ ಮುಂದೆ ನಿಲ್ಲುವುದಕ್ಕೂ ಎಷ್ಟೊಂದು ವ್ಯತ್ಯಾಸ ಇದೆ. ಬರೀ ಮಿತಿಯ ಬಗ್ಗೆ ಪ್ರಬಂಧ ಬರೆದವರಿಗಿಂತ ಗೇಟಿನ ಹತ್ತಿರ ನಿಂತು ಗಂಟೆ ಗಂಟೆಗೆ ತಲೆ ಎಣಿಸಿದವರ ಮಾತು ನನಗೆ ಜಾಸ್ತಿ ಮುಖ್ಯ.

ನೀರಿನದ್ದೂ ಇದೇ ಕಥೆ. ಮೀಟರನ್ನು ದಿನಾ ಒಂದೇ ಹೊತ್ತಿಗೆ ಓದಿ, ಟ್ಯಾಂಕರ್ ಬಿಲ್ಲು ಸೇರಿಸಿ, ಅಂದು ಉಳಿದ ಅತಿಥಿಗಳ ಸಂಖ್ಯೆಯಿಂದ ಭಾಗಿಸಿ. ಒಬ್ಬ ಅತಿಥಿಗೆ ಒಂದು ರಾತ್ರಿಗೆ ಎಷ್ಟು ಲೀಟರ್ ಅಂತ ಗೊತ್ತಾಗುತ್ತದೆ. ಏಪ್ರಿಲಿನಲ್ಲಿ ಪಕ್ಕದ ಮನೆಯ ಬಾವಿಯ ನೀರಿನ ಮಟ್ಟವನ್ನೂ ಬರೆದುಕೊಳ್ಳಿ. ಎರಡನ್ನೂ ಒಂದೇ ಹಾಳೆಯ ಮೇಲಿಟ್ಟರೆ ಮಾಲೀಕರ ಜೊತೆ ಮಾತು ಸುಲಭವಾಗುತ್ತದೆ.

ಲೆಕ್ಕಕ್ಕೆ ಸಿಗದ್ದೂ ಇದೆ. ಹಂಪಿಯನ್ನು ನೋಡಿ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿತ್ತು. 2011ರಲ್ಲಿ ವಿರೂಪಾಕ್ಷ ಬಜಾರಿನಿಂದ ಅಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ಹೋಟೆಲುಗಳು ನೆಲಸಮವಾದವು. ಸ್ಮಾರಕ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕಾನೂನು ಮೀರಿ ಕಟ್ಟಿದ್ದನ್ನು ಸಮರ್ಥಿಸುವುದೂ ಇಲ್ಲ. ಆದರೆ ಅಲ್ಲಿ ಟೀ ಮಾರುತ್ತಿದ್ದವರು, ತೆಪ್ಪ ನಡೆಸುತ್ತಿದ್ದವರು ಮುಂದಿನ ಯೋಜನೆಯಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದು ಎಬ್ಬಿಸುವ ದಿನ ಯೋಚಿಸುವ ವಿಷಯ ಅಲ್ಲ. ಆ ಕೆಲಸ ವರ್ಷಗಟ್ಟಲೆ ಮುಂಚೆ ಶುರುವಾಗಬೇಕು. ಈ ಓದು ಇರುವುದು ಅದಕ್ಕೇ ಅಂತ ನಾನು ನಂಬಿದ್ದೇನೆ.

ಹಾಗಾದರೆ ಎಲ್ಲಿ ಓದಬೇಕು? ಇದೇ ಹೆಸರಿನ ಪದವಿ ನಮ್ಮ ದೇಶದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಸಾಮಾನ್ಯವಾಗಿ ಎಂ.ಬಿ.ಎ. ಪ್ರವಾಸೋದ್ಯಮದ ಒಳಗೆ ಇದು ಒಂದೆರಡು ಪೇಪರ್ ಆಗಿರುತ್ತದೆ. ಗ್ವಾಲಿಯರ್ ಕೇಂದ್ರವಾಗಿರುವ, ಪ್ರವಾಸೋದ್ಯಮ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಐ.ಐ.ಟಿ.ಟಿ.ಎಂ.ನಲ್ಲಿ ಎರಡು ವರ್ಷದ ಎಂ.ಬಿ.ಎ. ಇದೆ. ಕೆಲಸದಲ್ಲಿರುವವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ದೂರಶಿಕ್ಷಣದ ಸ್ನಾತಕೋತ್ತರ ಪದವಿ ಅನುಕೂಲ. ಬ್ರಿಟನ್ನಿನ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಒಂದು ವರ್ಷ, ಒಟ್ಟು 180 ಕ್ರೆಡಿಟ್. ಅದರಲ್ಲಿ ಕೊನೆಯ ಪ್ರಬಂಧಕ್ಕೇ ಬಹುತೇಕ ಕಡೆ 60. ಅಂದರೆ ಪದವಿಯ ಮೂರರಲ್ಲಿ ಒಂದು ಪಾಲು ನೀವು ಆರಿಸಿಕೊಳ್ಳುವ ಒಂದೇ ವಿಷಯದ ಮೇಲೆ ನಿಂತಿರುತ್ತದೆ. ಸೇರುವ ಮೊದಲು ಹಳೆಯ ವಿದ್ಯಾರ್ಥಿಗಳ ಪ್ರಬಂಧದ ಹೆಸರುಗಳನ್ನು ಕೇಳಿ ನೋಡಿ. ಊರಿನ ಹೆಸರು, ಅಳತೆ, ಜನ ಕಾಣುತ್ತಾರಾ? ಬರೀ ದೊಡ್ಡ ದೊಡ್ಡ ಪದಗಳೇ ಕಂಡರೆ ಇನ್ನೊಂದು ಕಾಲೇಜು ಹುಡುಕಿ.

ಸಾಲ ಮಾಡಿ ಹೊರದೇಶಕ್ಕೆ ಹೋಗುವವರಿಗೆ ಒಂದು ಮಾತು. ಈ ಕ್ಷೇತ್ರದಲ್ಲಿ ಶುರುವಿನ ಸಂಬಳವನ್ನು ಐ.ಟಿ. ಕೆಲಸದ ಜೊತೆ ಹೋಲಿಸಲು ಆಗುವುದಿಲ್ಲ. ಕಂತು ಕಟ್ಟುವ ಲೆಕ್ಕ ಮೊದಲೇ ಹಾಕಿ. ಆದರೂ ಕೆಲಸ ಇಲ್ಲ ಅನ್ನುವುದು ಸುಳ್ಳು. 2022–23ರಿಂದ ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ ಮೊದಲ ಸಾವಿರ ಲಿಸ್ಟೆಡ್ ಕಂಪನಿಗಳು ಪರಿಸರ, ಸಾಮಾಜಿಕ ಹೊಣೆಯ ವರದಿ ಕೊಡುವುದನ್ನು ಕಡ್ಡಾಯ ಮಾಡಿದೆ. ದೊಡ್ಡ ಹೋಟೆಲ್ ಕಂಪನಿಗಳಿಗೆ ನೀರು, ಕರೆಂಟು, ಕಸದ ನಂಬುವಂಥ ಅಂಕಿ ಬೇಕು. ಯುರೋಪಿನ ಒಕ್ಕೂಟದಲ್ಲಿ 2026ರ ಸೆಪ್ಟೆಂಬರ್ 27ರಿಂದ ಪುರಾವೆ ಇಲ್ಲದೆ ಗ್ರಾಹಕರ ಮುಂದೆ ‘ಇಕೋ’, ‘ಗ್ರೀನ್’ ಅಂತ ಹೇಳಿಕೊಳ್ಳುವುದಕ್ಕೆ ನಿಷೇಧ. ಅಲ್ಲಿಂದ ಪ್ರವಾಸಿಗರನ್ನು ಕಳಿಸುವ ಕಂಪನಿಗಳು ಇಲ್ಲಿನ ಹೋಟೆಲುಗಳಿಗೂ ಪುರಾವೆ ಕೇಳುತ್ತವೆ. ಒಂದು ಗೊಂದಲ ಇಲ್ಲೇ ಬಗೆಹರಿಸಿಬಿಡುತ್ತೇನೆ. ಜಿ.ಎಸ್.ಟಿ.ಸಿ. ಅನ್ನುವ, ಸುಸ್ಥಿರ ಪ್ರವಾಸೋದ್ಯಮದ ಅಂತರರಾಷ್ಟ್ರೀಯ ಮಂಡಳಿ ಹೋಟೆಲುಗಳಿಗೆ ನೇರವಾಗಿ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ಮಾನದಂಡ ಮಾಡುತ್ತದೆ, ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ವ್ಯವಸ್ಥೆ ನಡೆಸುತ್ತದೆ. ಸಂದರ್ಶನದಲ್ಲಿ ಇದನ್ನು ಸರಿಯಾಗಿ ಹೇಳಿದರೆ ಓದಿದ್ದೀರಿ ಅಂತ ಗೊತ್ತಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರಬಂಧದ ಇಂಗ್ಲಿಷನ್ನು ತಿದ್ದಿಸಿಕೊಳ್ಳಬಹುದು. ಕೊಡಗಿನ ಮಾಂದಲಪಟ್ಟಿಯ ಜೀಪ್ ಡ್ರೈವರು ಬಾಯಿ ಬಿಡಬೇಕಾದರೆ ಅವರ ಮಾತಿನ ಧಾಟಿ ನಿಮಗೆ ಗೊತ್ತಿರಬೇಕು. ‘ಟೂರಿಸಂನಿಂದ ನಿಮಗೆ ಲಾಭವಾಗಿದೆಯೇ?’ ಅಂತ ಕೇಳಿದರೆ ‘ಹೂಂ, ಆಗಿದೆ’ ಅಂತ ಹೇಳಿ ಹೋಗುತ್ತಾರೆ. ‘ಅಣ್ಣ, ಮಳೆಗಾಲದಲ್ಲಿ ಜೀಪಿನ ಕಂತು ಹೇಗೆ ಕಟ್ಟುತ್ತೀರಿ?’ ಅಂತ ಕೇಳಿ, ಒಂದು ಗಂಟೆ ಕೂತು ಮಾತಾಡುತ್ತಾರೆ. ರೂಮು ಗುಡಿಸುವ ಅಕ್ಕಂದಿರನ್ನು ರೆಸಾರ್ಟಿನ ಒಳಗೆ ಮಾತಾಡಿಸಬೇಡಿ, ಮ್ಯಾನೇಜರ ಕಣ್ಣಿರುತ್ತದೆ. ಬಸ್‌ಸ್ಟಾಪಿನವರೆಗೆ ಜೊತೆಯಲ್ಲಿ ನಡೆಯಿರಿ.

ವಿಶ್ವವಿದ್ಯಾಲಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಬನ್ನಿ ಅನ್ನುತ್ತದೆ. ನಮ್ಮ ಕಡೆ ಕಾಗದ ಮುಂದಿಟ್ಟರೆ ಜನ ಎದ್ದು ಹೋಗುತ್ತಾರೆ. ಸಹಿ ಅಂದರೆ ಜಮೀನು, ಸಾಲ, ಕೋರ್ಟು ನೆನಪಾಗುತ್ತದೆ. ಪ್ರಬಂಧದ ಗೈಡಿಗೆ ಮೊದಲೇ ಹೇಳಿ, ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡಿಕೊಳ್ಳಲು ಅನುಮತಿ ಕೇಳಿ. ಕಾರಣ ಸರಿಯಾಗಿ ಬರೆದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಮಾತಾಡಿದವರ ಹೆಸರು ಮಾತ್ರವಲ್ಲ, ಗುರುತು ಹತ್ತುವ ವಿವರವನ್ನೂ ಬರೆಯಬೇಡಿ. ಹತ್ತು ಜನ ಕೆಲಸ ಮಾಡುವ ರೆಸಾರ್ಟಿನಲ್ಲಿ ‘ಮೂರು ಮಕ್ಕಳ ತಾಯಿ’ ಅಂದರೆ ಸಾಕು, ಯಾರು ಅಂತ ಗೊತ್ತಾಗಿ ಅವರ ಕೆಲಸ ಹೋಗಬಹುದು.

ಪ್ರಬಂಧದ ವಿಷಯ ಸಣ್ಣದಿರಲಿ. ‘ಕರ್ನಾಟಕದಲ್ಲಿ ಸುಸ್ಥಿರ ಪ್ರವಾಸೋದ್ಯಮ’ ಅಂತ ತರುವವರಿಗೆ ನಾನು ಒಂದು ಹೋಬಳಿಗೆ ಇಳಿಸಿ ಅನ್ನುತ್ತೇನೆ. ಒಂದು ಹೋಬಳಿಯ ಹತ್ತು ಹೋಮ್‌ಸ್ಟೇಗಳಿಗೆ ತರಕಾರಿ ಎಲ್ಲಿಂದ ಬರುತ್ತದೆ ಅನ್ನುವುದು ಪೂರ್ತಿ ಒಂದು ಪ್ರಬಂಧಕ್ಕೆ ಸಾಕಾಗುವ ವಿಷಯ. ನೀವು ಮತ್ತೆ ಹೋಗಬಲ್ಲ ಊರನ್ನೇ ಆರಿಸಿಕೊಳ್ಳಿ. ಯಾಕೆಂದರೆ ಮಾರ್ಕ್ಸು ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಕಂಡುಕೊಂಡದ್ದನ್ನು ಎರಡು ಪುಟದಲ್ಲಿ, ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯತಿಗೆ ಕೊಡಬೇಕು. ಮೊದಲ ಪುಟದಲ್ಲಿ ಅಂಕಿ: ಎಷ್ಟು ರೂಮು, ವಾರಕ್ಕೆ ಎಷ್ಟು ಕೆ.ಜಿ. ತರಕಾರಿ ಹೊರಗಿನಿಂದ ಬರುತ್ತದೆ, ಅದಕ್ಕೆ ಎಷ್ಟು ಹಣ ಹೋಗುತ್ತದೆ. ಎರಡನೆಯದರಲ್ಲಿ ಊರಿನಲ್ಲೇ ಬೆಳೆಯಬಹುದಾದದ್ದು ಯಾವುದು, ಕೊಳ್ಳಲು ಒಪ್ಪಿದ ಮಾಲೀಕರು ಎಷ್ಟು ಮಂದಿ, ಯಾವ ತಿಂಗಳು ತೊಂದರೆ. ಪಿ.ಡಿ.ಓ. ಅವರಿಗೆ ಒಂದು ಪ್ರತಿ, ಸ್ತ್ರೀಶಕ್ತಿ ಸಂಘದವರಿಗೆ ಒಂದು ಪ್ರತಿ. ಗ್ರಾಮಸಭೆ ಯಾವಾಗ ಅಂತ ಕೇಳಿಕೊಂಡು, ಆ ದಿನ ಹೋಗಿ ಓದಿ ಹೇಳಿ.