ಎಳನೀರು ಕುಡಿದ ಕ್ಯಾರೆಟ್

ಟಿಶ್ಯೂ ಕಲ್ಚರ್ ಬಾಳೆ ಅಂದ ಕೂಡಲೇ "ಅದು ಕುಲಾಂತರಿ, ತಿನ್ನಬಾರದು" ಅನ್ನುವವರು ಇನ್ನೂ ಸಿಗುತ್ತಾರೆ. ಸುಮ್ನೆ ಭಯ. ಕಂದಿನ ತುದಿಯನ್ನು ಬಾಟಲಿಯಲ್ಲಿ ಬೆಳೆಸಿ, ಸೀಳಿ, ಮತ್ತೆ ಬೆಳೆಸುತ್ತಾರೆ, ಅಷ್ಟೇ. ಹೊರಗಿನ ಜೀನ್ ಯಾವುದೂ ಸೇರುವುದಿಲ್ಲ. ನನ್ನ ಬೆರಗು ಬೇರೆಯದು. ತುದಿಯೂ ಬೇಡ, ಒಂದೇ ಒಂದು ಜೀವಕೋಶದಿಂದ ಇಡೀ ಗಿಡ ಬರಬಲ್ಲದು!

ಯಕ್ಷಗಾನದ ಹಳೆಯ ಕಲಾವಿದರಿಗೆ ಇಡೀ ಪ್ರಸಂಗ ಬಾಯಿಪಾಠ. ಆದರೂ ಇವತ್ತು ರಾತ್ರಿ ಒಂದೇ ವೇಷ. ಎಲೆಯ ಕೋಶವೂ ಹಾಗೆಯೇ. ಬೇರು, ಹೂವು ಎಲ್ಲದರ ಪಾಠ ಅದಕ್ಕೆ ಗೊತ್ತು, ಕಟ್ಟಿರುವುದು ಎಲೆಯ ವೇಷ. ಬಣ್ಣ ಅಳಿಸಿ ಚೌಕಿಗೆ, ಅಂದರೆ ವೇಷ ಕಟ್ಟುವ ಬಿಡಾರಕ್ಕೆ, ವಾಪಸ್ ಕರೆಸುವುದು ಹೇಗೆ?

1902ರಲ್ಲಿ ಆಸ್ಟ್ರಿಯಾದ ಗಾಟ್ಲೀಬ್ ಹಾಬರ್‌ಲ್ಯಾಂಟ್ ಎಲೆಯ ಕೋಶಗಳನ್ನು ಬಿಡಿಸಿ ಸಕ್ಕರೆ, ಲವಣದ ನೀರಿನಲ್ಲಿಟ್ಟರು. ಅವು ವಾರಗಟ್ಟಲೆ ಬದುಕಿದವು, ದಪ್ಪವಾದವು. ಒಂದೂ ಎರಡಾಗಲಿಲ್ಲ.

1958ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಸ್ಟೀವರ್ಡ್ ತಂಡ ಕ್ಯಾರೆಟ್ ಚೂರುಗಳನ್ನು ತಿರುಗುವ ಫ್ಲಾಸ್ಕುಗಳಲ್ಲಿ ಬೆಳೆಸಿತು. ಉದುರಿದ ಕೋಶಗಳು ಗುಂಪುಕಟ್ಟಿ, ಬೇರು ಬಿಟ್ಟು, ಕೊನೆಗೆ ಗಿಡಗಳೇ ಆದವು. ಗುಟ್ಟು ಇದ್ದದ್ದು ದ್ರವದಲ್ಲಿ. ಅವರು ಬರೆದದ್ದು 'ಕೋಕನಟ್ ಮಿಲ್ಕ್' ಎಂದು. ಅದನ್ನು ತೆಂಗಿನ ಹಾಲು ಎಂದುಕೊಂಡರೆ ಕೆಟ್ಟಿತು! ಪಾಯಸಕ್ಕೆ ಹಾಕುವ ಕಾಯಿಹಾಲಲ್ಲ ಅದು, ಕಾಯಿಯೊಳಗಿನ ನೀರು. ತೆಂಗಿನ ಭ್ರೂಣಕ್ಕೆ ತಾಯಿ ಕಟ್ಟಿಕೊಟ್ಟ ಬುತ್ತಿ. ಒಂದು ಕೋಶ ಎರಡಾಗುವಂತೆ ಮಾಡುವ ಸೈಟೋಕೈನಿನ್ ಎಂಬ ಹಾರ್ಮೋನು ಅದರಲ್ಲಿದೆ.

ಈ ಹಾರ್ಮೋನಿನ ಕತೆಯೂ ಮಜವಾಗಿದೆ. ವಿಜ್ಞಾನಿಗಳಾದ ಮಿಲ್ಲರ್ ಮತ್ತು ಸ್ಕೂಗ್ 1955ರಲ್ಲಿ ಕೈನೆಟಿನ್ ಎಂಬ ಸೈಟೋಕೈನಿನ್ ಕಂಡುಹಿಡಿದದ್ದು ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎಯಿಂದ. ಹೆರಿಂಗ್ ಅಂದರೆ ನಮ್ಮ ಬೂತಾಯಿಯ ದೂರದ ನೆಂಟ. ಹಳೇ ಬಾಟಲಿಯ ಡಿಎನ್‌ಎ ಕೆಲಸ ಮಾಡಿತು, ಹೊಸದು ಮಾಡಲಿಲ್ಲ. ಹೊಸದನ್ನು ಒತ್ತಡದ ಹಬೆಯಲ್ಲಿ ಬೇಯಿಸಿದಾಗ ಅದೂ ದಾರಿಗೆ ಬಂತು.

ಆಮೇಲೆ ಗೊತ್ತಾದದ್ದು, ಒಂದೇ ಹಾರ್ಮೋನು ಸಾಲದು. ಸಾರಿನಲ್ಲಿ ಹುಳಿ, ಬೆಲ್ಲ ಎರಡೂ ಬೇಕಲ್ವಾ? ಇಲ್ಲಿ ಆಕ್ಸಿನ್ ಮತ್ತು ಸೈಟೋಕೈನಿನ್. ಆಕ್ಸಿನ್ ಜಾಸ್ತಿಯಾದರೆ ಬೇರು, ಸೈಟೋಕೈನಿನ್ ಜಾಸ್ತಿಯಾದರೆ ಚಿಗುರು. ಎರಡೂ ಹದವಾಗಿದ್ದರೆ ಆಕಾರವಿಲ್ಲದ ಕೋಶಗಳ ಗಡ್ಡೆ, ಅಂದರೆ ಕ್ಯಾಲಸ್. ವೇಷ ಕಳಚಿದವರೆಲ್ಲ ಕೂತಿರುವ ಚೌಕಿ ಅದೇ. ಎತ್ತು ಅದೇ, ಬಂಡಿ ಅದೇ. ಯಾವ ಹಗ್ಗ ಜಗ್ಗುತ್ತೀರೋ ಆ ಕಡೆ ತಿರುಗುತ್ತದೆ. ತಂಬಾಕಿನಲ್ಲಿ ಕಂಡ ಈ ಲೆಕ್ಕ ಎಲ್ಲ ಗಿಡಕ್ಕೂ ಇದೇ ಅಳತೆಯಲ್ಲಿ ಹೊಂದುವುದಿಲ್ಲ. ಒಂದೊಂದು ಗಿಡದ ನಾಲಿಗೆ ಒಂದೊಂದು ಥರ.

ಸ್ಟೀವರ್ಡ್ ಪ್ರಯೋಗಕ್ಕೆ ಒಂದು ತಕರಾರಿತ್ತು. ಫ್ಲಾಸ್ಕಿನ ತುಂಬ ಸಾವಿರಾರು ಕೋಶಗಳು. ಈ ಗಿಡ ಆ ಒಂದೇ ಕೋಶದ್ದು ಅಂತ ಹೇಳುವುದು ಹೇಗೆ? ನ್ಯಾಯವಾದ ಪ್ರಶ್ನೆಯೇ. ಭಾರತದಿಂದ ಅಮೆರಿಕಕ್ಕೆ ಹೋಗಿದ್ದ ವಿಮ್ಲಾ ವಾಸಿಲ್, ಅಲ್ಲಿನ ವಿಜ್ಞಾನಿ ಹಿಲ್ಡೆಬ್ರಾಂಟ್ ಜೊತೆ ಸೇರಿ 1965ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ತಂಬಾಕಿನ ಒಂದೇ ಕೋಶವನ್ನು ಒಂದು ಹನಿ ದ್ರವದಲ್ಲಿ ಒಂಟಿಯಾಗಿ ಬಿಟ್ಟರು. ಅದು ಎರಡಾಯಿತು, ಗುಂಪಾಯಿತು, ಗಿಡವಾಯಿತು. ಆ ಹನಿಯಲ್ಲಿ ಶುರುವಿನಲ್ಲಿ ಬೇರೆ ಯಾವ ಕೋಶವೂ ಇರಲಿಲ್ಲ.