ಗಡಿ ದಾಟುವ ಪುಟ್ಟ ಡ್ರೋನ್‌ಗಳನ್ನು ಗಡಿಯಲ್ಲೇ ಏಕೆ ತಡೆಯಲಾಗುತ್ತಿಲ್ಲ?

ಪ್ರಶ್ನೆ: ಹಾರಿಬರುವ ಕ್ಷಿಪಣಿಯನ್ನೇ ಆಕಾಶದಲ್ಲಿ ಹೊಡೆದುರುಳಿಸುವ ವ್ಯವಸ್ಥೆ ನಮ್ಮಲ್ಲಿದೆ. ಹಾಗಿದ್ದೂ ಮದುವೆಯ ವಿಡಿಯೊ ತೆಗೆಯಲು ಬಳಸುವಂಥ ಡ್ರೋನ್‌ಗಳು ಪಾಕಿಸ್ತಾನದಿಂದ ಪಂಜಾಬಿನೊಳಗೆ ಬರುತ್ತಲೇ ಇವೆ. ಇವನ್ನು ಗಡಿಯಲ್ಲೇ ತಡೆಯಲು ಏಕೆ ಆಗುತ್ತಿಲ್ಲ?

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಅನೇಕ ಓದುಗರು ಕೇಳುತ್ತಾರೆ, ಕೆಲವರ ಮಾತಿನಲ್ಲಿ ಸಿಟ್ಟೂ ಬೆರೆತಿರುತ್ತದೆ. ಸಂಕ್ಷಿಪ್ತವಾಗಿ ಹೇಳುವುದಾದರೆ, ಸಣ್ಣ ಡ್ರೋನೊಂದನ್ನು ಕೆಡವುವುದು ಅಂಥ ದೊಡ್ಡ ಕೆಲಸವಲ್ಲ. ಕೆಡವಲು ಇನ್ನೂ ಸಮಯವಿರುವಾಗಲೇ ಅದು ಬಂದಿದೆ ಎಂದು ತಿಳಿಯುವುದು, ತಿಳಿದ ಮೇಲೆ ಕೆಳಗಿನ ಊರಿಗೆ ಅಪಾಯವಾಗದಂತೆ ಕೆಡವುವುದು, ಇವೆರಡೇ ಕಷ್ಟ.

ಮೊದಲು ಜಾಗವನ್ನು ನೋಡೋಣ. ಪಂಜಾಬ್ ರಾಜ್ಯಕ್ಕೂ ಪಾಕಿಸ್ತಾನಕ್ಕೂ ನಡುವಿನ ಗಡಿಯ ಉದ್ದ 553 ಕಿಲೋಮೀಟರ್. ಬೇಲಿ ಇರುವುದು ಗಡಿರೇಖೆಯ ಮೇಲಲ್ಲ, ಅದಕ್ಕಿಂತ ಒಳಗೆ; ಆದ್ದರಿಂದ ಬೇಲಿಯಾಚೆಗೂ ನಮ್ಮ ರೈತರ ಹೊಲಗಳಿವೆ. ಅವರು ಗುರುತಿನ ಚೀಟಿ ತೋರಿಸಿ, ಗಡಿ ಭದ್ರತಾ ಪಡೆಯ ಕಾವಲಿರುವ ಗೇಟುಗಳ ಮೂಲಕ ಹೋಗಿ ಉಳುಮೆ ಮಾಡಿ ಬರುತ್ತಾರೆ. ನೆಲದ ಮೇಲೆ ನಡೆದು ಬರುವವನನ್ನು ತಡೆಯಲು ಕಟ್ಟಿದ ಈ ಏರ್ಪಾಡಿನ ಮೇಲಿಂದ ಡ್ರೋನ್ ಸುಮ್ಮನೆ ಹಾರಿಬರುತ್ತದೆ. ಇಲ್ಲಿ ಹೆಚ್ಚಾಗಿ ಸಿಗುವ ಡಿಜೆಐ ಮ್ಯಾವಿಕ್ 3 ಕ್ಲಾಸಿಕ್ ಎಂಬ ಚೀನೀ ಡ್ರೋನಿನ ತೂಕ 895 ಗ್ರಾಂ. ಹೊರೆಯಿಲ್ಲದಿದ್ದರೆ ಅದು 46 ನಿಮಿಷ ಹಾರಬಲ್ಲದು, ಗಂಟೆಗೆ ಸುಮಾರು 75 ಕಿಲೋಮೀಟರ್ ವೇಗದವರೆಗೂ ಹೋಗಬಲ್ಲದು. ಅಂದರೆ ಗಡಿಯಿಂದ ಎರಡು ಕಿಲೋಮೀಟರ್ ಆಚೆ ಮೇಲೇರಿ, ಎರಡು ಕಿಲೋಮೀಟರ್ ಈಚೆಯ ಗದ್ದೆಯೊಂದರಲ್ಲಿ ಪೊಟ್ಟಣ ಬೀಳಿಸಲು ಅದಕ್ಕೆ ಬೇಕಾದದ್ದು ಮೂರು ನಾಲ್ಕು ನಿಮಿಷ ಮಾತ್ರ. ಆ ಪೊಟ್ಟಣವೂ ಹೆಚ್ಚುಕಡಿಮೆ ಒಂದೇ ಬಗೆಯದು: ಅರ್ಧ ಕಿಲೋ ಆಸುಪಾಸಿನ ಹೆರಾಯಿನ್, ಅದರ ಸುತ್ತ ಹಳದಿ ಅಂಟುಪಟ್ಟಿ, ಡ್ರೋನಿಗೆ ನೇತುಹಾಕಲು ಒಂದು ಲೋಹದ ಉಂಗುರ, ಕತ್ತಲಲ್ಲಿ ಹುಡುಕಿಕೊಳ್ಳುವವನಿಗೆ ಅನುಕೂಲವಾಗಲೆಂದು ಕೆಲವೊಮ್ಮೆ ಹೊಳೆಯುವ ಕಡ್ಡಿ.

ಇನ್ನು ರಾಡಾರ್. ವಾಯುಪಡೆಯ ದೊಡ್ಡ ರಾಡಾರ್‌ಗಳನ್ನು ರೂಪಿಸಿರುವುದು ಬಹುದೂರದಲ್ಲಿ, ಎತ್ತರದಲ್ಲಿ, ವೇಗವಾಗಿ ಬರುವ ವಿಮಾನಗಳಿಗಾಗಿ. ಮರ, ಕಟ್ಟಡ, ರಸ್ತೆಯ ವಾಹನ, ಹಕ್ಕಿಗಳ ಹಿಂಡು ಇವೆಲ್ಲವುಗಳಿಂದಲೂ ಪ್ರತಿಧ್ವನಿ ಬರುತ್ತಿರುತ್ತದೆಯಾದ್ದರಿಂದ, ನಿಧಾನವಾಗಿ ಚಲಿಸುವ ಸಣ್ಣ ಗುರುತುಗಳನ್ನು ಅವು ಉದ್ದೇಶಪೂರ್ವಕವಾಗಿಯೇ ಸೋಸಿ ಬಿಸಾಡುತ್ತವೆ. ಹಾಗೆ ಮಾಡದಿದ್ದರೆ ಪರದೆಯ ತುಂಬ ಕಾಗೆ ಪಾರಿವಾಳಗಳೇ ತುಂಬಿಕೊಂಡು ವಿಮಾನವೇ ಕಾಣದಂತಾಗುತ್ತದೆ. ಪ್ಲಾಸ್ಟಿಕ್ ಮೈಯ, ಹಕ್ಕಿಯ ಗಾತ್ರದ, ಹಕ್ಕಿಯ ವೇಗದ, ತೋಪಿನ ಮರೆಯಲ್ಲಿ ತಗ್ಗಿನಲ್ಲಿ ಹಾರುವ ಡ್ರೋನ್ ಈ ಸೋಸುವಿಕೆಯಲ್ಲೇ ಕಳೆದುಹೋಗುತ್ತದೆ. ಅದಕ್ಕೆಂದೇ ಮಾಡಿದ ಸಣ್ಣ ರಾಡಾರ್‌ಗಳು ಬೇರೆ ಇವೆ. ಡ್ರೋನಿನ ರೆಕ್ಕೆಗಳು ಗಿರಗಿರನೆ ತಿರುಗುವಾಗ ಪ್ರತಿಧ್ವನಿಯಲ್ಲಿ ಮೂಡುವ ಸೂಕ್ಷ್ಮ ಕಂಪನವನ್ನು ಗುರುತಿಸಿ, ಅದು ಹಕ್ಕಿಯಲ್ಲ ಎಂದು ಅವು ಹೇಳಬಲ್ಲವು. ಆದರೆ ಅವುಗಳ ನೋಟ ಕೆಲವೇ ಕಿಲೋಮೀಟರಿನದು.

ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ರೂಪಿಸಿದ ಡ್ರೋನ್ ನಿಗ್ರಹ ವ್ಯವಸ್ಥೆಯನ್ನು 2020ರ ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯ ಬಳಿ ನಿಲ್ಲಿಸಿದ್ದರು. ಸುಮಾರು ಮೂರು ಕಿಲೋಮೀಟರ್ ದೂರದವರೆಗೆ ಸಣ್ಣ ಡ್ರೋನ್‌ಗಳನ್ನು ಪತ್ತೆ ಮಾಡಿ ಅವುಗಳ ಸಂಪರ್ಕ ಕಡಿಯಬಲ್ಲದು, ಒಂದರಿಂದ ಎರಡೂವರೆ ಕಿಲೋಮೀಟರಿನೊಳಗೆ ಲೇಸರ್‌ನಿಂದ ಕೆಡವಬಲ್ಲದು ಎಂದು ಆಗ ತಿಳಿಸಲಾಗಿತ್ತು. ಇದನ್ನು ತಯಾರಿಸುವುದು ಬೆಂಗಳೂರಿನ ಸರ್ಕಾರಿ ರಕ್ಷಣಾ ಕಂಪನಿ ಬಿಇಎಲ್. 2021ರ ಆಗಸ್ಟ್‌ನಲ್ಲಿ ನೌಕಾಪಡೆ ಇದಕ್ಕಾಗಿ ಆ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಕೆಂಪುಕೋಟೆಯನ್ನೋ ನೌಕಾನೆಲೆಯನ್ನೋ ಕಾಯಲು ಮೂರು ಕಿಲೋಮೀಟರಿನ ವೃತ್ತ ಸಾಕು. ಅದೇ ಲೆಕ್ಕದಲ್ಲಿ 553 ಕಿಲೋಮೀಟರ್ ಗಡಿಯುದ್ದಕ್ಕೂ ಇಂಥವನ್ನು ನಿಲ್ಲಿಸಬೇಕೆಂದರೆ, ಒಂದರ ವ್ಯಾಪ್ತಿ (ಎರಡೂ ಪಕ್ಕ ಸೇರಿ ಆರು ಕಿಲೋಮೀಟರ್) ಇನ್ನೊಂದಕ್ಕೆ ತಾಗುವಂತಿಟ್ಟರೂ ತೊಂಬತ್ತಕ್ಕೂ ಹೆಚ್ಚು ಬೇಕು. ಕೆಟ್ಟುನಿಂತಾಗ ಬದಲಿಗೆ ಬೇಕಾದವು, ದಿನದ ಇಪ್ಪತ್ನಾಲ್ಕು ಗಂಟೆ ಪರದೆಯ ಮುಂದೆ ಕೂರಬೇಕಾದ ಸಿಬ್ಬಂದಿ ಈ ಲೆಕ್ಕದಲ್ಲಿ ಸೇರಿಲ್ಲ. ಇದು ಪಂಜಾಬ್ ಒಂದರ ಮಾತು. ಜಮ್ಮು, ರಾಜಸ್ಥಾನ, ಗುಜರಾತ್ ಹಾಗೇ ಉಳಿದಿವೆ.

ಸಂಪರ್ಕ ಕಡಿಯುವ ಉಪಾಯಕ್ಕೂ ಮಿತಿಯಿದೆ. ಹಾರಿಸುವವನ ಕೈಯಲ್ಲಿರುವ ರಿಮೋಟಿಗೂ ಡ್ರೋನಿಗೂ ನಡುವೆ ಓಡುವ ರೇಡಿಯೊ ಸಂಕೇತವನ್ನು ಜಾಮರ್‌ ಮುಚ್ಚಿಹಾಕಿದರೆ ಅದು ದಿಕ್ಕುಗೆಟ್ಟು ಬೀಳುತ್ತದೆ, ಇಳಿಯುತ್ತದೆ, ಇಲ್ಲವೇ ಬಂದಲ್ಲಿಗೇ ಮರಳುತ್ತದೆ. ಆದರೆ ಹೋಗಬೇಕಾದ ದಾರಿಯನ್ನು ಮೊದಲೇ ತುಂಬಿಸಿ ಬಿಟ್ಟ ಡ್ರೋನಿಗೆ ರಿಮೋಟಿನ ಹಂಗಿಲ್ಲ. ಆಗ ಅದು ನಂಬಿರುವ ಜಿಪಿಎಸ್ ಸಂಕೇತವನ್ನೇ ಕೆಡಿಸಬೇಕಾಗುತ್ತದೆ. ಜಿಪಿಎಸ್ ಕೆಡಿಸುವುದು ಆಟದ ಮಾತಲ್ಲ, ಏಕೆಂದರೆ ಅದೇ ಆಕಾಶದಲ್ಲಿ ಪ್ರಯಾಣಿಕರ ವಿಮಾನಗಳೂ ಇರುತ್ತವೆ. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಪ್ರದೇಶಗಳಲ್ಲಿ, ವಿಮಾನಗಳ ಜಿಪಿಎಸ್‌ಗೆ ಅಡಚಣೆಯಾದ 465 ಪ್ರಸಂಗಗಳು ವರದಿಯಾಗಿವೆ ಎಂದು ಸರ್ಕಾರ ಲೋಕಸಭೆಗೆ ತಿಳಿಸಿದೆ. ಅವೆಲ್ಲಕ್ಕೂ ಡ್ರೋನ್ ತಡೆಯೇ ಕಾರಣ ಎಂದು ಇದರಿಂದ ಹೇಳಲಾಗದು. ಆದರೆ ಗಡಿಯಂಚಿನ ಆಕಾಶ ಎಷ್ಟು ಇಕ್ಕಟ್ಟಾಗಿದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಹೀಗಾಗಿ ಎಷ್ಟೋ ರಾತ್ರಿಗಳಲ್ಲಿ ಮೊದಲ ಸುಳಿವು ಸಿಗುವುದು ಯೋಧನ ಕಿವಿಗೆ. ಗುಂಯ್ ಎನ್ನುವ ಸದ್ದು ಕೇಳಿದ ಕಡೆಗೆ ಬೆಳಕಿನ ಗುಂಡು ಹಾರಿಸಿ, ಆ ಬೆಳಕಿನಲ್ಲಿ ರೈಫಲ್‌ನಿಂದ ಗುರಿಯಿಡುತ್ತಾರೆ. ಚಳಿಗಾಲದ ಮಂಜಿನಲ್ಲಿ ಆ ಬೆಳಕಿಗೂ ಹೆಚ್ಚಿನ ಪ್ರಯೋಜನವಿಲ್ಲ. ಮೇಲಕ್ಕೆ ಹೋದ ಗುಂಡು ಎಲ್ಲಾದರೂ ಕೆಳಗೆ ಬೀಳಲೇಬೇಕು, ಹಿಂದೆ ಹಳ್ಳಿಯಿರುತ್ತದೆ. 2022ರ ನವೆಂಬರ್‌ನಲ್ಲಿ ಉತ್ತರಾಖಂಡದ ಔಲಿಯಲ್ಲಿ ಸೇನೆ ಡ್ರೋನ್ ಬೇಟೆಗೆಂದು ಪಳಗಿಸಿದ ಹದ್ದೊಂದನ್ನು ಪ್ರದರ್ಶಿಸಿತ್ತು. ನೋಡಲು ಸೊಗಸು, ಆದರೆ ಇಷ್ಟುದ್ದದ ಗಡಿಗೆ ಅದು ಉತ್ತರವಲ್ಲ ಎಂಬುದು ನನ್ನ ಅಭಿಪ್ರಾಯ.

ಹೆರಾಯಿನ್ ಸುದ್ದಿಯ ಅಬ್ಬರದಲ್ಲಿ ಮರೆಯಾಗುವ ಇನ್ನೊಂದು ಅಂಶವಿದೆ. ಪೊಟ್ಟಣ ಹೊತ್ತು ಬರುವ ಡ್ರೋನಿನಲ್ಲೂ ಕ್ಯಾಮೆರಾ ಇರುತ್ತದೆ. ಗಸ್ತು ಯಾವಾಗ ಬದಲಾಗುತ್ತದೆ, ದೀಪ ಎಲ್ಲಿ ಕೆಟ್ಟಿದೆ ಎಂಬುದನ್ನು ಅದು ನೋಡಿಕೊಂಡು ಹೋಗಬಲ್ಲದು. ದೊಡ್ಡ ಕಣ್ಗಾವಲು ಡ್ರೋನ್‌ಗಳಿಗೆ ಗಡಿ ದಾಟುವ ಅಗತ್ಯವೇ ಇಲ್ಲ. ಭಾರತ 2024ರ ಅಕ್ಟೋಬರ್‌ನಲ್ಲಿ ಅಮೆರಿಕದಿಂದ ಕೊಳ್ಳಲು ಒಪ್ಪಂದ ಮಾಡಿಕೊಂಡ 31 ಎಂಕ್ಯೂ-9ಬಿ ಡ್ರೋನ್‌ಗಳಂಥವು ತಮ್ಮದೇ ಆಕಾಶದ ಎತ್ತರದಲ್ಲಿ ನಿಂತು ಓರೆಯಾಗಿ ಆಚೆಗೆ ನೋಡಬಲ್ಲವು. ದಾಟಿದರೆ ಅದು ರಾಜತಾಂತ್ರಿಕ ತಕರಾರಾಗುತ್ತದೆ. 2017ರ ಡಿಸೆಂಬರ್‌ನಲ್ಲಿ ಸಿಕ್ಕಿಂ ಭಾಗದಲ್ಲಿ ನಮ್ಮ ಡ್ರೋನೊಂದು ತಾಂತ್ರಿಕ ದೋಷದಿಂದ ನಿಯಂತ್ರಣ ತಪ್ಪಿ ಚೀನಾದ ಕಡೆ ಬಿದ್ದಾಗ ಅಲ್ಲಿಂದ ಪ್ರತಿಭಟನೆ ಬಂದಿತ್ತು. ಭಾರತ ಮತ್ತು ಪಾಕಿಸ್ತಾನ 1991ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಯುದ್ಧವಿಮಾನಗಳು, ಬೇಹು ವಿಮಾನಗಳೂ ಸೇರಿ, ಪರಸ್ಪರರ ವಾಯುಸೀಮೆಯ ಹತ್ತು ಕಿಲೋಮೀಟರಿನೊಳಗೆ ಹಾರಕೂಡದು. ಯಾರ ಹೆಸರೂ ಇಲ್ಲದ, ಅಂಗಡಿಯಲ್ಲಿ ಕೊಂಡ ಡ್ರೋನಿಗೆ ಇಂಥ ಒಪ್ಪಂದ ಹೇಗೆ ತಾಗೀತು? ಕಳಿಸಿದ್ದು ನಾವಲ್ಲ ಎಂದುಬಿಡುವುದು ಸುಲಭ.

ಈ ಅಪಾಯ ಬೆಳೆದುಬಂದ ರೀತಿಯೂ ಗಮನಾರ್ಹ. 2019ರಲ್ಲಿ ಪಂಜಾಬಿನ ತರ್ನ್ ತಾರನ್ ಜಿಲ್ಲೆಯಲ್ಲಿ ಡ್ರೋನ್ ಮೂಲಕ ಬಂದ ಶಸ್ತ್ರಾಸ್ತ್ರಗಳು ಸಿಕ್ಕಿದವು. 2020ರ ಜೂನ್‌ನಲ್ಲಿ ಜಮ್ಮು ಭಾಗದ ಕಠುವಾ ಜಿಲ್ಲೆಯಲ್ಲಿ ಕೆಡವಿದ ಡ್ರೋನಿನಲ್ಲಿ ಅಮೆರಿಕದ ಎಂ4 ರೈಫಲ್ ಮತ್ತು ಗ್ರೆನೇಡುಗಳಿದ್ದವು. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ಗಳಿಂದ ಸ್ಫೋಟಕ ಬೀಳಿಸಲಾಯಿತು. ಇಬ್ಬರು ಸಿಬ್ಬಂದಿ ಗಾಯಗೊಂಡರು. 2025ರ ಮೇ 8ರ ರಾತ್ರಿ ಲಡಾಖಿನ ಲೇಹ್‌ನಿಂದ ಗುಜರಾತಿನ ಸರ್ ಕ್ರೀಕ್‌ವರೆಗೆ 36 ಕಡೆ ಸುಮಾರು 300ರಿಂದ 400 ಡ್ರೋನ್‌ಗಳು ಬಂದವು ಎಂದು ಸರ್ಕಾರ ಹೇಳಿತು. ನಮ್ಮ ವಾಯುರಕ್ಷಣೆಯನ್ನು ಪರೀಕ್ಷಿಸಿ ಮಾಹಿತಿ ಸಂಗ್ರಹಿಸುವುದೇ ಅವುಗಳ ಉದ್ದೇಶವಿರಬಹುದು ಎಂಬ ಮಾತೂ ಆ ಹೇಳಿಕೆಯಲ್ಲಿತ್ತು. ಹೊಡೆಯಲು ರಾಡಾರ್ ಚಾಲೂ ಮಾಡಿದರೆ ಅದು ಎಲ್ಲಿದೆ ಎಂಬುದು ಎದುರಾಳಿಗೆ ತಿಳಿಯುತ್ತದೆ, ಸುಮ್ಮನಿದ್ದರೆ ಡ್ರೋನ್ ಒಳಗೆ ಬರುತ್ತದೆ. ಮರುದಿನ ರಾತ್ರಿ ಫಿರೋಜ್‌ಪುರದ ಬಳಿ ಮನೆಯೊಂದರ ಮೇಲೆ ಡ್ರೋನ್ ಬಿದ್ದು ಒಂದೇ ಕುಟುಂಬದವರು ಸುಟ್ಟ ಗಾಯಗಳಿಗೆ ಒಳಗಾದರು. ಅವರಲ್ಲಿ ಒಬ್ಬ ಮಹಿಳೆ ಕೆಲವು ದಿನಗಳ ನಂತರ ತೀರಿಕೊಂಡರು.

ಕೊನೆಗೆ ಅಂಕಿಗಳ ವಿಷಯ. ಪಂಜಾಬಿನಲ್ಲಿ ಗಡಿ ಭದ್ರತಾ ಪಡೆಗೆ 2023ರಲ್ಲಿ ಸಿಕ್ಕ ಡ್ರೋನ್‌ಗಳು 107, 2024ರಲ್ಲಿ 294. ತಡೆ ಬಲವಾಯಿತು ಎಂದು ಇದನ್ನು ಓದಬಹುದು, ಬರುವುದೇ ಹೆಚ್ಚಾಯಿತು ಎಂದೂ ಓದಬಹುದು. ಬಂದು ಮರಳಿದವುಗಳ ಲೆಕ್ಕ ಈ ಅಂಕಿಯಲ್ಲಿ ಇಲ್ಲದಿರುವುದರಿಂದ ಎರಡರಲ್ಲಿ ಯಾವುದನ್ನೂ ಖಚಿತವಾಗಿ ಹೇಳಲಾಗದು. ಸಿಕ್ಕ ಡ್ರೋನ್ ಹೇಳುವ ಕಥೆ ಮಾತ್ರ ಖಚಿತ. 2022ರ ಡಿಸೆಂಬರ್ 25ರಂದು ಅಮೃತಸರದ ರಾಜತಾಲ್ ಬಳಿ ಕೆಡವಿದ ಡ್ರೋನಿನ ಚಿಪ್ ತೆರೆದು ನೋಡಿದಾಗ, ಅದು ಅದೇ ವರ್ಷದ ಜೂನ್ 11ರಂದು ಶಾಂಘೈನ ಫೆಂಗ್‌ಷಿಯಾನ್‌ನಲ್ಲಿ ಹಾರಿದ್ದು, ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಪಾಕಿಸ್ತಾನದ ಖಾನೇವಾಲ್‌ನಲ್ಲಿ 28 ಬಾರಿ ಹಾರಿದ್ದು ಕಂಡುಬಂದಿತು. ಬಹಳಷ್ಟು ಡ್ರೋನ್‌ಗಳು ಸಿಗುವುದು ಹೊಲಗಳಲ್ಲಿ, ಅನೇಕ ಬಾರಿ ರೈತರೇ ಕೊಟ್ಟ ಸುದ್ದಿಯಿಂದ. ಪೊಟ್ಟಣ ಎತ್ತಿಕೊಳ್ಳಲು ಈಚೆ ಒಬ್ಬ ಬರಲೇಬೇಕಾಗುವುದರಿಂದ, ಅವನ ಫೋನು, ಅವನ ಬೈಕು, ಅವನಿಗೆ ಹಣ ಸಂದಾಯವಾದ ದಾರಿ ಇವೇ ಪೊಲೀಸರ ಕೈಗೆ ಮೊದಲು ಸಿಗುವ ಎಳೆಗಳು. ಗಡಿ ಭದ್ರತಾ ಪಡೆಯ ಅಧಿಕಾರವ್ಯಾಪ್ತಿಯನ್ನು ಕೇಂದ್ರ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಪಂಜಾಬಿನಲ್ಲಿ 15ರಿಂದ 50 ಕಿಲೋಮೀಟರಿಗೆ ಹೆಚ್ಚಿಸಿದಾಗ ರಾಜ್ಯ ಸರ್ಕಾರ ಅದನ್ನು ಬಲವಾಗಿ ವಿರೋಧಿಸಿತ್ತು. 2025ರ ಆಗಸ್ಟ್‌ನಲ್ಲಿ ಅದೇ ರಾಜ್ಯ ತರ್ನ್ ತಾರನ್‌ನಲ್ಲಿ ‘ಬಾಜ್ ಅಖ್’ (ಗಿಡುಗನ ಕಣ್ಣು) ಎಂಬ ತನ್ನದೇ ಡ್ರೋನ್ ನಿಗ್ರಹ ವ್ಯವಸ್ಥೆಗೆ ಚಾಲನೆ ಕೊಟ್ಟಿತು. ಗಡಿಯ ಯೋಧನಿಗೆ ಕೇಳಿಸಿದ ಸದ್ದಿನ ಸುದ್ದಿ ಕೆಲವೇ ನಿಮಿಷಗಳಲ್ಲಿ ಹತ್ತಿರದ ಠಾಣೆಗೂ ತಲುಪುವಂತೆ ಈ ಎರಡು ಏರ್ಪಾಡುಗಳು ಕೂಡಿ ನಡೆದರೆ, ಡ್ರೋನ್ ತಪ್ಪಿಸಿಕೊಂಡ ರಾತ್ರಿಯಲ್ಲೂ ಪೊಟ್ಟಣ ಎತ್ತಲು ಬಂದವನು ಸಿಗುವ ಸಾಧ್ಯತೆ ಉಳಿಯುತ್ತದೆ.