ಕೋಟೆ ಅಂತಾರೆ, ಬರೀ ದಿಬ್ಬ ಇದೆ. ಕಲ್ಲೆಲ್ಲ ಎಲ್ಲಿ ಹೋಯ್ತು?

ಬ್ರಿಟನ್ ಸುತ್ತಿ ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಮ್ಯಾಪಿನಲ್ಲಿ ಕೋಟೆ ಅಂತಿತ್ತು. ಹೋಗಿ ನೋಡಿದ್ರೆ ಹುಲ್ಲು ಬೆಳೆದ ದಿಬ್ಬ. ಕಲ್ಲನ್ನೆಲ್ಲ ಊರವರು ಹೊತ್ತುಕೊಂಡು ಹೋದ್ರಾ?"

ಇನ್ನೊಂದು ಸಲ ಹೇಳುತ್ತೇನೆ: ಅಂಥ ಎಷ್ಟೋ ಕಡೆ ಕಲ್ಲು ಇರಲೇ ಇಲ್ಲ. 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರ ಮೊದಲ ಕೋಟೆಗಳಲ್ಲಿ ಹೆಚ್ಚಿನವು ಮಣ್ಣು, ಮರದವು. ಸುತ್ತ ಕಂದಕ ತೋಡಿ, ಆ ಮಣ್ಣನ್ನೇ ಗುಡ್ಡೆ ಹಾಕುತ್ತಿದ್ದರು. ಗುಡ್ಡೆ ಮೇಲೆ ಮರದ ಬುರುಜು, ಪಕ್ಕದ ಅಂಗಳಕ್ಕೆ ಮರದ ಬೇಲಿ. ಮರ ಕೊಳೆಯಿತು, ಮಣ್ಣು ಉಳಿಯಿತು.

ಇಷ್ಟು ಹೇಳಿದ ಕೂಡಲೇ "ಓ, ಹಾಗಾದ್ರೆ ಟೆಂಪರರಿ, ಕಲ್ಲಿನದು ಕಟ್ಟೋ ತನಕ" ಅನ್ನುತ್ತಾರೆ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ವೇಲ್ಸ್ ಗಡಿಯಲ್ಲಿರುವ ಹೆನ್ ಡೊಮೆನ್ ನೋಡಿ. ವೇಲ್ಷ್ ಭಾಷೆಯಲ್ಲಿ 'ಹಳೇ ದಿಬ್ಬ' ಅಂತ ಅರ್ಥ. ಕಟ್ಟಿಸಿದವನು ನಾರ್ಮನ್ ಸರದಾರ ರೋಜರ್ ಡಿ ಮಾಂಟ್‌ಗೊಮೆರಿ. ಇಂಗ್ಲೆಂಡಿನ ಜಮೀನು-ಆಸ್ತಿ ಲೆಕ್ಕ ಬರೆಸಿದ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಆಗಲೇ ಈ ಕೋಟೆ ಇದೆ. 1095ರಲ್ಲಿ ವೇಲ್ಷರು ಇದನ್ನು ಗೆದ್ದರು. ನಾರ್ಮನ್ನರು ಮತ್ತೆ ಹಿಡಿದರು, ಮತ್ತೆ ಕಟ್ಟಿದರು, ಆಗಲೂ ಮರದಲ್ಲೇ. ಇಂಗ್ಲೆಂಡಿನ ದೊರೆ ಮೂರನೇ ಹೆನ್ರಿ ಹತ್ತಿರದ ಬಂಡೆ ಮೇಲೆ ಕಲ್ಲಿನ ಕೋಟೆ ಶುರು ಮಾಡಿದ್ದು 1223ರಲ್ಲಿ. 1086ರಿಂದ ಲೆಕ್ಕ ಹಾಕಿ, ಕಮ್ಮಿ ಅಂದರೂ 137 ವರ್ಷ. ಅಜ್ಜ ಕಾವಲು ಕಾದ ಜಾಗದಲ್ಲಿ ಮೊಮ್ಮಗನ ಮಗನೂ ಕಾವಲು ಕಾದಿರಬಹುದು. ಎರಡು ಕಂದಕ, ಎರಡು ಏರಿ, ಅಂಗಳದ ತುಂಬ ಒತ್ತೊತ್ತಾಗಿ ಕಟ್ಟಡಗಳು. ಇದು ಟೆಂಪರರಿನಾ? ನಮ್ಮ ಬೆಂಗಳೂರಿನ ಕೋಟೆಯೂ 1537ರಲ್ಲಿ ಕೆಂಪೇಗೌಡರು ಕಟ್ಟಿಸಿದಾಗ ಮಣ್ಣಿನದೇ. ಹೈದರಾಲಿ ಕಾಲದಲ್ಲಿ ಕಲ್ಲಾಯಿತು. ನಡುವಿನ ಇನ್ನೂರು ವರ್ಷ ಅದೂ ಕೋಟೆಯೇ ಆಗಿತ್ತು, ಅಲ್ವಾ?

ಹೆನ್ ಡೊಮೆನ್‌ನಲ್ಲಿ ಮರವೇ ಉಳಿದಿಲ್ಲ ಅಂದಮೇಲೆ ಕಟ್ಟಡಗಳ ವಿಷಯ ಹೇಗೆ ಗೊತ್ತಾಯಿತು? ಇದನ್ನು ಯಾರೂ ಕೇಳುವುದಿಲ್ಲ, ನನಗಂತೂ ಇದೇ ಜಾಸ್ತಿ ಇಷ್ಟ. ಪುರಾತತ್ವಜ್ಞ ಫಿಲಿಪ್ ಬಾರ್ಕರ್ ಮತ್ತು ಜೊತೆಗಾರರು 1960ರಿಂದ ಮೂವತ್ತು ವರ್ಷ ಅಲ್ಲಿ ಅಗೆದರು. ಕರಣೆಯಿಂದ ಮಣ್ಣನ್ನು ಪದರ ಪದರವಾಗಿ ಕೆರೆಯುತ್ತಾ ಹೋದರೆ ಒಂದು ಕಡೆ ಬಣ್ಣ ಬೇರೆಯಾಗುತ್ತದೆ, ಮಣ್ಣು ಮೆತ್ತಗಾಗುತ್ತದೆ. ಅದು ಕಂಬ ನಿಂತಿದ್ದ ಗುಂಡಿ. ಅಂಥ ಕಲೆಗಳನ್ನು ಒಂದೊಂದಾಗಿ ಗುರುತು ಹಾಕಿದರೆ ಗೋಡೆ, ಆಮೇಲೆ ಮನೆ ಕಾಣಿಸಿಕೊಳ್ಳುತ್ತದೆ.

ಕೋಟೆಯ ಅಡಿಯಲ್ಲಿ ಇನ್ನೊಂದು ಸಿಕ್ಕಿತು: ನೇಗಿಲ ಸಾಲುಗಳು. ಕೋಟೆಗೂ ಮುಂಚೆ ಯಾರೋ ಉತ್ತ ಹೊಲ. ಮೇಲೆ ಏರಿಯ ಮಣ್ಣು ಬಿದ್ದಿದ್ದರಿಂದ, ಆ ಏರುತಗ್ಗು ಒಂಬೈನೂರು ವರ್ಷ ಹಾಗೇ ಉಳಿದಿತ್ತು.